ಮಾಗಲು ಬಿಟ್ಟ ಕಲೆ

ಸ್ಕೂಟರ್‌ನಿಂದ ಬಿದ್ದ ಗಾಯ ಬೇಗನೇ ಮಾಯಿತು. ಉಳಿದದ್ದು ಬಲಗೆನ್ನೆಯಿಂದ ಬಾಯಿಯ ಅಂಚಿಗೆ ಅಡ್ಡಲಾಗಿ ಒಂದು ದಪ್ಪ ಗೆರೆ. ಅದು ಬಿಗಿದುಕೊಳ್ಳುತ್ತಾ ಬಾಯಿಯ ಮೂಲೆಯನ್ನೇ ಪಕ್ಕಕ್ಕೆ ಎಳೆದಿತ್ತು. ಕಾಫಿ ಕುಡಿದರೆ ಅಲ್ಲಿಂದ ಒಂದು ಹನಿ ಇಳಿಯುತ್ತಿತ್ತು.

ಮೂರು ತಿಂಗಳಿಗೇ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಓಡಿದೆ. ಅವರು ಬೆರಳಿಂದ ಒತ್ತಿ ನೋಡಿ, "ಇನ್ನೂ ಕೆಂಪಗಿದೆ, ಗಟ್ಟಿ ಇದೆ. ಮಾಗಲಿ, ವರ್ಷ ತುಂಬಲಿ" ಅಂದರು. ಕಿವಿ ಚುಚ್ಚಿಸಿದಲ್ಲಿ ಗಂಟು ಬೆಳೆದಿತ್ತಾ ಎಂದೂ ಕೇಳಿದರು. ಹಾಗೆ ಗಂಟು ಕಟ್ಟುವ ಚರ್ಮವಾದರೆ ಕತ್ತರಿ ಹಾಕಿದಲ್ಲೂ ಕಲೆ ಉಬ್ಬಬಹುದಂತೆ. ನನಗೆ ಬೆಳೆದಿರಲಿಲ್ಲ. ಸಿಲಿಕೋನ್ ಜೆಲ್, ಸನ್‌ಸ್ಕ್ರೀನ್, ದಿನಾ ಮಸಾಜ್ ಹೇಳಿ ಕಳಿಸಿದರು. ಆ ಕಾಯುವಿಕೆಯೇ ಎಲ್ಲಕ್ಕಿಂತ ಕಷ್ಟ.

ಆಪರೇಷನ್ ದಿನ ನನ್ನನ್ನು ಕೂರಿಸಿ, "ನಗಿ, ಈಗ ತುಟಿ ಮುಂದೆ ಮಾಡಿ" ಅಂದರು. ನಕ್ಕಾಗ ಮೂಗಿನ ಪಕ್ಕದಿಂದ ಇಳಿಯುವ ಮಡಿಕೆ ಇದೆಯಲ್ವಾ, ನನ್ನ ಕಲೆ ಅದನ್ನು ಅಡ್ಡ ಕತ್ತರಿಸಿತ್ತು. ಮಡಿಕೆಯ ಜೊತೆ ಸಾಗುವ ಕಲೆ ಕಣ್ಣಿಗೆ ಬೀಳೋದು ಕಡಿಮೆ, ಅಡ್ಡ ಬಂದದ್ದು ಎದ್ದು ಕಾಣುತ್ತೆ, ಎಳೆಯುತ್ತೆ. ನೇರಳೆ ಪೆನ್ನಿಂದ ಕೆನ್ನೆ ಮೇಲೆ ಇಂಗ್ಲಿಷಿನ ಝಡ್ ಅಕ್ಷರ ಬರೆದರು. ನಡುವಿನ ಗೆರೆ ನನ್ನ ಕಲೆ, ಎರಡು ತುದಿಗೂ 60 ಡಿಗ್ರಿಯಲ್ಲಿ ಒಂದೊಂದು ಕೈ.

ಅಮ್ಮ ಮೂವತ್ತು ವರ್ಷದಿಂದ ರವಿಕೆ ಹೊಲಿಯುವವಳು. ಗಮನಿಸಿ ನೋಡಿ ಕೇಳಿದಳು: "ಕಂಕುಳಲ್ಲಿ ಬಿಗಿಯಾದ್ರೆ ನಾವು ತುಂಡು ಬಟ್ಟೆ ಸೇರಿಸ್ತೀವಿ ಡಾಕ್ಟ್ರೇ. ನೀವು ಎಲ್ಲಿಂದ ತರ್ತೀರಿ?"

"ಎಲ್ಲಿಂದಲೂ ತರಲ್ಲಮ್ಮಾ. ಕಲೆ ತೆಗೆದು, ಈ ಎರಡು ತ್ರಿಕೋನ ಎಬ್ಬಿಸಿ ಜಾಗ ಅದಲು ಬದಲು ಮಾಡ್ತೀನಿ. ಉದ್ದ ಸಿಗುತ್ತೆ, ಗೆರೆಯ ದಿಕ್ಕೂ ತಿರುಗುತ್ತೆ." ಲೆಕ್ಕದ ಪ್ರಕಾರ ಮುಕ್ಕಾಲು ಪಾಲು ಉದ್ದ ಜಾಸ್ತಿಯಾಗುತ್ತದಂತೆ. ಚರ್ಮದಲ್ಲಿ ಅಷ್ಟು ಸಿಗೋದಿಲ್ಲ, ಆದರೂ ನನಗೆ ಸಾಕು ಅಂದರು. ಅಮ್ಮನಿಗೆ ತಕ್ಷಣ ಅರ್ಥವಾಯಿತು, ನನಗಿಂತ ಮೊದಲೇ.

ಮರಗಟ್ಟಿಸುವ ಇಂಜೆಕ್ಷನ್ ಉರಿಯಿತು. ಆಮೇಲೆ ನೋವಿಲ್ಲ, ದಾರ ಎಳೆಯುವುದು ಮಾತ್ರ ಗೊತ್ತಾಗುತ್ತಿತ್ತು.

ಆರನೇ ದಿನ ಹೊಲಿಗೆ ತೆಗೆದರು. ಕನ್ನಡಿಯಲ್ಲಿ ಮೊದಲಿಗಿಂತ ಉದ್ದದ, ಕೆಂಪಾದ, ಅಂಕುಡೊಂಕು ಗೆರೆ. ಅವರು ಮೊದಲೇ ಹೇಳಿದ್ದರು, ಕಲೆ ಅಳಿಸೋಕಾಗಲ್ಲ ಅಂತ. ಆದರೂ ಅಲ್ಲೇ ಅತ್ತುಬಿಟ್ಟೆ. ಡಾಕ್ಟರು ಹೇಳಿದ ಮೇಲೆ ಅಮ್ಮ ರಾತ್ರಿ ರಾತ್ರಿ ಹೆಬ್ಬೆರಳಿಂದ ಮೆಲ್ಲಗೆ ತೀಡಿದಳು.

ಈಗ ಎಂಟು ತಿಂಗಳು. ಗೆರೆ ಮಾಸಿದೆ, ದಿಕ್ಕು ತಿರುಗಿದ ನಡುವಿನ ಗೆರೆ ನಗುವಿನ ಮಡಿಕೆಯಲ್ಲೇ ಸೇರಿಹೋಗಿದೆ. ಇವತ್ತು ಬೆಳಿಗ್ಗೆ ಲೋಟದ ಕಾಫಿ ಪೂರ್ತಿ ಕುಡಿದೆ. ಹನಿ ಇಳಿಯಲಿಲ್ಲ.