ಇಬ್ರೂ ಕೂಡಿ ಹಾಡಿದ್ರೆ ದನಿ ತೆಳ್ಳಗ್ಯಾಕ?

“ತಮ್ಮಾ, ಒಬ್ಬೊಬ್ರೇ ಹಾಡಿದ್ರೆ ದನಿ ತುಂಬಿ ಬರ್ತತಿ. ಇಬ್ರೂ ಕೂಡಿ ಹಾಡಿದ್ರೆ ತೆಳ್ಳಗಾಕ್ಕತಿ. ಹಂಗ್ಯಾಕ?”

ಇಬ್ಬರು ಅಂದರೆ ಕಾರಿನ ಎಡ ಬಾಗಿಲ ಸ್ಪೀಕರ್, ಬಲ ಬಾಗಿಲ ಸ್ಪೀಕರ್. ಮಂಗಳವಾರ ಚನ್ನಗಿರಿ ಕಡೆಯಿಂದ ನಮ್ಮ ಕಾರ್ ಸ್ಟೀರಿಯೊ ಅಂಗಡಿಗೆ ಹ್ಯಾಚ್‌ಬ್ಯಾಕ್ ತಂದ ಅಜ್ಜ ಕೇಳಿದ್ದು ಇಷ್ಟೇ. ಊರಿನ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವರು. ಇದೇ ಮಾತನ್ನು ದಾವಣಗೆರೆಯಲ್ಲೇ ಎರಡು ಕಡೆ ಹೇಳಿದ್ದರಂತೆ. ಒಬ್ಬರು ಸ್ಪೀಕರ್ ಬದಲಿಸಿ ಅಂದಿದ್ದಾರೆ, ಇನ್ನೊಬ್ಬರು ಆಂಪ್ಲಿಫೈಯರ್ ಹಾಕಿಸಿ ಅಂದಿದ್ದಾರೆ. ಅಜ್ಜನ ಮಾತು ನಾಲ್ಕು ದಿನವಾದರೂ ಕಿವಿಯಿಂದ ಹೋಗಿಲ್ಲ. ದೋಷ ಏನು, ಎಲ್ಲಿ ಅನ್ನೋದೆಲ್ಲ ಆ ಒಂದು ಮಾತಿನಲ್ಲೇ ಇತ್ತು.

ಒಂದು ಬಾಗಿಲ ಸ್ಪೀಕರಿಗೆ ಪ್ಲಸ್ ಮೈನಸ್ ತಿರುವುಮುರುವು ಆಗಿದ್ದರೆ, ಬಲಗಡೆಯ ಕೋನ್ (ಸ್ಪೀಕರಿನಲ್ಲಿ ಅಲುಗುವ ಬಟ್ಟಲು) ಮುಂದೆ ಬರುವ ಹೊತ್ತಿಗೆ ಎಡಗಡೆಯದು ಹಿಂದೆ ಹೋಗುತ್ತದೆ. ಒಂದು ಗಾಳಿ ತಳ್ಳಿದರೆ ಇನ್ನೊಂದು ಎಳೆದುಕೊಳ್ಳುತ್ತದೆ. 60 ಹರ್ಟ್ಸ್‌ನ ತಗ್ಗು ದನಿಯ ಅಲೆಯ ಉದ್ದ ಐದೂವರೆ ಮೀಟರಿಗಿಂತ ಜಾಸ್ತಿ, ಅದರ ಮುಂದೆ ಕಾರಿನ ಅಗಲ ಚಿಕ್ಕದು, ಹಾಗಾಗಿ ಎರಡೂ ಕಡೆಯ ಅಲೆ ಒಟ್ಟಿಗೆ ಬಿದ್ದು ಒಂದನ್ನೊಂದು ತಿಂದುಹಾಕುತ್ತದೆ. ತಾಳದ ಕಿಣಿಕಿಣಿ ಸದ್ದಿನ ಅಲೆಗಳು ಕೆಲವೇ ಸೆಂಟಿಮೀಟರ್, ಹಾಗಾಗಿ ಅವು ಉಳಿಯುತ್ತವೆ. ತಬಲಾದ ಬಾಯಾ (ಎಡಗೈಯ ದಪ್ಪ ದನಿ), ಹಾರ್ಮೋನಿಯಂನ ಖರ್ಜದ ತಗ್ಗು ಸ್ವರ ಹೋಗಿಬಿಡುತ್ತವೆ. ಎಡ ಬಲ ದನಿ ಹಂಚುವ ಸ್ಟೀರಿಯೊದ ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿದೆ, ದನಿ ತುಂಬಿತು. ಪೂರ್ತಿ ಬಲಕ್ಕೆ ತಿರುಗಿಸಿದೆ, ತುಂಬಿತು. ನಡುವೆ ತಂದೆ, ತೆಳ್ಳಗಾಯಿತು. ಅಜ್ಜ ಹೇಳಿದ ಹಾಗೇ. ಇಷ್ಟು ನೋಡೋದಕ್ಕೆ ಸ್ಕ್ರೂ ಡ್ರೈವರ್ ಸಹ ಬೇಡ, ಒಂದು ನಿಮಿಷದ ಕೆಲಸ. ಎರಡು ಅಂಗಡಿಯವರೂ ಅದನ್ನು ಮಾಡಲಿಲ್ಲ ಅಂದರೆ ಅವರು ಕೇಳಿಸಿಕೊಂಡೇ ಇರಲಿಲ್ಲ.

ಸ್ಟೀರಿಯೊ ಹೊರಗೆಳೆದು ಹಿಂದಿನ ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್, ಬಿಡಿಸಿದೆ. ಇದನ್ನು ಬಿಡಿಸದೆ ವೈರಿಗೆ ಸೆಲ್ ಹಚ್ಚಬಾರದು, ಸ್ಟೀರಿಯೊದ ಔಟ್‌ಪುಟ್ ಐಸಿ (ಸ್ಪೀಕರಿಗೆ ದನಿ ಕೊಡುವ ಚಿಪ್) ಹೋಗಬಹುದು. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಸ್ಪೀಕರ್ ಪ್ಲಸ್ ಪಿನ್ನಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಿದರೆ ಸಾಕು, ಕೋನ್ ಮುಂದೆ ಬರಬೇಕು. ಬಲ ಬಾಗಿಲಲ್ಲಿ ಬಂತು. ಎಡ ಬಾಗಿಲಲ್ಲಿ ಒಳಗೆ ಹೋಯಿತು. ಅಜ್ಜ ಬಗ್ಗಿ ಜಾಲಿಯ ಮೇಲೆ ಬೆರಳ ತುದಿ ಇಟ್ಟು ನೋಡಿ, “ಇದು ಉಸಿರು ಒಳಗ ತಗಂತತಿ” ಅಂದರು.

ವೈರ್ ಅದಲುಬದಲು ಮಾಡಿ ಕಳಿಸಿಬಿಡಬಹುದಿತ್ತು. ಆದರೆ ತಿರುವುಮುರುವು ಹೇಗಾಯಿತು ಅನ್ನೋದು ಬಾಗಿಲು ಬಿಚ್ಚದೆ ಗೊತ್ತಾಗೋದಿಲ್ಲ. ಒಳ ಹಿಡಿಕೆಯ ಹಿಂದೆ ಒಂದು ಸ್ಕ್ರೂ, ಬಾಗಿಲು ಎಳೆಯುವ ಕುಳಿಯ ತಳದಲ್ಲಿ ಎರಡು. ಡೋರ್ ಪ್ಯಾಡನ್ನು (ಬಾಗಿಲ ಒಳಮೈಯ ಹೊದಿಕೆ) ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಒಂದೊಂದೇ ಕ್ಲಿಪ್ ಬಿಡಿಸಬೇಕು, ಆಮೇಲೆ ಮೇಲಕ್ಕೆ ಎತ್ತಬೇಕು. ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಬಣ್ಣ ಏಳುತ್ತದೆ, ಕ್ಲಿಪ್ ಮುರಿಯುತ್ತದೆ, ಮುರಿದ ಕ್ಲಿಪ್ ಆಮೇಲೆ ಗಡಗಡ ಅನ್ನುತ್ತದೆ. ಈ ಬಾಗಿಲಲ್ಲಿ ಒಂಬತ್ತು ಕ್ಲಿಪ್ ಇರಬೇಕಾದಲ್ಲಿ ಐದು ಇದ್ದವು.

ಒಳಗಿನ ದೃಶ್ಯ ನೋಡಿ ಬೇಜಾರಾಯಿತು. ಹಿಂದೆ ಹೊಸ ಸ್ಪೀಕರ್ ಹಾಕಿದವರು ಕಂಪನಿಯ ಕಪ್ಲರ್ ಕತ್ತರಿಸಿ ಎಸೆದಿದ್ದರು. ವೈರ್ ಹೊಸೆದು ಟೇಪ್ ಸುತ್ತಿದ್ದರು, ನಮ್ಮ ಬೇಸಿಗೆಗೆ ಟೇಪಿನ ಅಂಟು ಕರಗಿ ಸುರುಳಿ ಬಿಚ್ಚಿಕೊಂಡು ಜೋತಾಡುತ್ತಿತ್ತು. ಕಪ್ಲರ್ ಒಂದೇ ದಿಕ್ಕಿಗೆ ಕೂರುತ್ತದೆ, ತಿರುವುಮುರುವು ಆಗೋದು ಸಾಧ್ಯವೇ ಇಲ್ಲ. ಅದನ್ನು ಕತ್ತರಿಸಿದ ಗಳಿಗೆಯಲ್ಲೇ ಅಜ್ಜನ ದನಿ ತೆಳ್ಳಗಾಗುವ ದಾರಿ ತೆರೆದುಕೊಂಡಿತ್ತು. ಕಂಪನಿ ಕಪ್ಲರಿಗೆ ಹೊಂದುವ ಅಡಾಪ್ಟರ್ ವೈರ್ ಸಿಗುತ್ತದೆ, ಸ್ಪೀಕರಿನ ಬೆಲೆಯ ಮುಂದೆ ಅದು ಏನೇನೂ ಅಲ್ಲ. ಇನ್ನೊಂದು ಮಾತು: ಈಗಿನ ಸ್ಟೀರಿಯೊಗಳಲ್ಲಿ ಸ್ಪೀಕರಿನ ಮೈನಸ್ ಅಂದರೆ ಬಾಡಿ ಅರ್ಥಿಂಗ್ ಅಲ್ಲ. ಆನ್ ಇದ್ದಾಗ ಎರಡೂ ವೈರಿನಲ್ಲಿ ಸುಮಾರು 6 ವೋಲ್ಟ್ ಇರುತ್ತದೆ. ಆ ಬಿಚ್ಚಿಕೊಂಡ ಟೇಪಿನ ವೈರ್ ಬಾಗಿಲ ತಗಡಿಗೆ ತಾಗಿದ್ದರೆ ಸ್ಟೀರಿಯೊ ಸುಟ್ಟುಹೋಗಬಹುದಿತ್ತು.

ಸ್ಪೀಕರ್ ಕೂರಿಸಿದ್ದು ಇನ್ನೂ ಕೆಟ್ಟದಾಗಿ. ಕಂಪನಿಯ ಸ್ಪೀಕರಿಗೆ ಮೂರು ತೂತಿನ ಪ್ಲಾಸ್ಟಿಕ್ ಚೌಕಟ್ಟು, ರಿವೆಟ್ ಹೊಡೆದಿರುತ್ತಾರೆ. ಹೊಸದು ದುಂಡಗಿನ ಆರೂವರೆ ಇಂಚು, ನಾಲ್ಕು ತೂತು. ನಡುವೆ ಒಂದು ರಿಂಗ್ ಬೇಕೇ ಬೇಕು. ರಿಂಗ್ ಇಲ್ಲದೆ ನೇರ ತಗಡಿಗೆ ಎರಡು ಸ್ಕ್ರೂ ತಿರುಗಿಸಿದ್ದರು, ಕೆಳಗಡೆ ಕಿರುಬೆರಳು ತೂರುವಷ್ಟು ಸಂದಿ. ಕೋನಿನ ಹಿಂದಿನ ಗಾಳಿ ಆ ಸಂದಿಯಿಂದ ಮುಂದಕ್ಕೆ ಬಂದು ಮುಂದಿನ ಗಾಳಿಯನ್ನೇ ಅಳಿಸುತ್ತದೆ. ಬಾಗಿಲು ಸ್ಪೀಕರಿನ ಪೆಟ್ಟಿಗೆ. ಪೆಟ್ಟಿಗೆ ಸೋರಿದರೆ ಎಷ್ಟು ಸಾವಿರದ ಸ್ಪೀಕರ್ ಹಾಕಿದರೂ ಬೇಸ್ ಪೂರ್ತಿ ಬರೋದಿಲ್ಲ. ಡಬ್ಬದ ಮೇಲೆ 300 ವಾಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಕಂಪನಿ ಸ್ಟೀರಿಯೊ ಒಂದು ಸ್ಪೀಕರಿಗೆ ಸತತವಾಗಿ ಕೊಡೋದು ಹದಿನೈದು ಇಪ್ಪತ್ತು ವಾಟ್. ಕೊಳ್ಳುವಾಗ ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ವಾಟಿಗೆ ಎಷ್ಟು ಜೋರು ಸದ್ದು ಬರುತ್ತದೆ ಅನ್ನೋದು. ಅದು 90 ಡೆಸಿಬಲ್ ಮೇಲಿರಲಿ. 3 ಡೆಸಿಬಲ್ ಜಾಸ್ತಿ ಇದ್ದರೆ ಎರಡರಷ್ಟು ವಾಟ್ ಕೊಟ್ಟ ಹಾಗೆ. ಇಂಪೀಡೆನ್ಸ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) 4 ಓಮ್‌ಗಿಂತ ಕಡಿಮೆ ಬೇಡ.

ಮ್ಯಾಗ್ನೆಟ್ಟಿನ ಅಂಚಿನಲ್ಲಿ ಉಗುರಗಲ ಹೊಳಪು ಕಂಡಿತು. ಗ್ಲಾಸ್ ಉಜ್ಜಿದ ಗುರುತು. ಪಕ್ಕದ ಖಾನಾವಳಿಯಿಂದ ಒಂದು ಉಂಡೆ ಚಪಾತಿ ಹಿಟ್ಟು ತರಿಸಿ ಮ್ಯಾಗ್ನೆಟ್ಟಿನ ಬೆನ್ನಿಗೆ ಮೆತ್ತಿ, ಗ್ಲಾಸನ್ನು ಪೂರ್ತಿ ಇಳಿಸಿ ಮತ್ತೆ ಏರಿಸಿದೆ. ಹಿಟ್ಟು 2 ಮಿಲಿಮೀಟರಿಗೆ ಚಪ್ಪಟೆಯಾಗಿತ್ತು. ಗುಂಡಿ ಬಿದ್ದ ರಸ್ತೆಯಲ್ಲಿ ಗ್ಲಾಸ್ ಅಲುಗಾಡಿದರೆ ತಾಗದೆ ಇರುತ್ತದೆಯೇ? ಕನಿಷ್ಠ 5 ಮಿಲಿಮೀಟರ್ ಬಿಡಬೇಕು. 12 ಮಿಲಿಮೀಟರ್ ಪ್ಲಾಸ್ಟಿಕ್ ರಿಂಗ್ ಹಾಕಿದೆ. ರಿಂಗ್ ದಪ್ಪವಾದಷ್ಟೂ ಒಳ್ಳೇದು ಅಂತಲೂ ಅಲ್ಲ, ಸ್ಪೀಕರ್ ಮುಂದೆ ಬಂದು ಕೋನ್ ಡೋರ್ ಪ್ಯಾಡಿನ ಜಾಲಿಗೆ ಬಡಿಯುತ್ತದೆ. ಎರಡೂ ಕಡೆ ಅಳೆಯಬೇಕು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗ್ ಅಗ್ಗ, ಆದರೆ ನೀರು ಕುಡಿದು ಊದಿಕೊಳ್ಳುತ್ತದೆ. ಹಾಕಲೇಬೇಕಾದರೆ ಎಲ್ಲ ಮೈಗೂ ವಾರ್ನಿಷ್ ಹೊಡೆದು ಹಾಕಿ. ರಿಂಗಿನ ಎರಡೂ ಮುಖಕ್ಕೆ ಫೋಮ್ ಟೇಪ್. ರಿವೆಟ್ ಕೊರೆಯುವಾಗ ಹಳೇ ಸ್ಪೀಕರ್ ಇನ್ನೂ ಅಲ್ಲೇ ಇರಲಿ, ಹೊಸದರ ಡಬ್ಬ ತೆರೆಯಲೇಬೇಡಿ. ಕಬ್ಬಿಣದ ಪುಡಿ ಮ್ಯಾಗ್ನೆಟ್ಟಿಗೆ ಹಾರಿ ಕೋನಿನ ಹಿಂದಿನ ಕಾಯಿಲಿನ ಸಂದಿಗೆ ಸೇರಿದರೆ ಕರಕರ ಸದ್ದು ಸಾಯೋತನಕ ಹೋಗೋದಿಲ್ಲ. ಕೊರೆದ ತೂತಿನ ಅಂಚಿಗೆ ಪ್ರೈಮರ್ ಹಚ್ಚಬೇಕು.

ಅಜ್ಜ ಕೇಳದೇ ಇದ್ದದ್ದು ನೀರಿನ ವಿಷಯ. ಮನೆ ಮುಂದಿನ ಶೆಡ್ಡಿನಲ್ಲಿ ಅಡಿಕೆ, ಕಾರು ಮಳೆಯಲ್ಲಿ. ಎಡಗಡೆ ಕಾಲಿಡುವಲ್ಲಿ ಕೈಯಿಂದ ಒತ್ತಿದರೆ ಕಾರ್ಪೆಟ್ ಪಿಚಕ್ ಅಂತು. ಬಾಗಿಲೊಳಗೆ ಮಳೆನೀರು ಬರುವುದು ಸಹಜ. ಗ್ಲಾಸ್ ಮೇಲಿಂದ ಒಳಗಿಳಿದು ತಳದ ತೂತುಗಳಿಂದ ಹೊರಗೆ ಹೋಗಬೇಕು, ಕಾರಿನೊಳಗೆ ಬರಬಾರದು, ಅದಕ್ಕೇ ಡೋರ್ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಕಪ್ಪು ಅಂಟಿನಿಂದ ಅಂಟಿಸಿ ಕೆಳ ಅಂಚನ್ನು ಬಾಗಿಲ ಸಂದಿಯೊಳಗೆ ಇಳಿಬಿಟ್ಟಿರುತ್ತಾರೆ. ಇಲ್ಲಿ ಹಾಳೆಯನ್ನು ಬ್ಲೇಡಿನಿಂದ ಸೀಳಿ ಹಾಗೇ ಬಿಟ್ಟಿದ್ದರು, ನೀರೆಲ್ಲ ಒಳಗೆ. ಎಡ ಸ್ಪೀಕರಿನ ಪೇಪರ್ ಕೋನ್ ಅಂಚಿನಲ್ಲಿ ಆಗಲೇ ಅಲೆಅಲೆಯಾಗಿ ಏಳುತ್ತಿತ್ತು. ಹೊಸ ಹಾಳೆ ಕತ್ತರಿಸಿ, ಬ್ಯುಟೈಲ್ ಅಂಟು ಸುತ್ತ ಇಟ್ಟು, ಬಿಸಿ ಗಾಳಿ ಕೊಟ್ಟು ಒತ್ತಿದೆ. ತಳದ ಮೂರು ತೂತಿನಲ್ಲಿ ಎರಡು ಮಣ್ಣಿನಿಂದ ಮುಚ್ಚಿದ್ದವು, ತಂತಿ ಹಾಕಿ ತೆಗೆದೆ. ತಗಡಿನ ಅದುರು ತಗ್ಗಿಸಲು ಡ್ಯಾಂಪಿಂಗ್ ಶೀಟ್ ಅಂಟಿಸುವವರು ಈ ತೂತುಗಳ ಮೇಲೆ ಒಂದು ಕಣ್ಣಿಡಬೇಕು. ಕೆಲವು ಕಾರುಗಳಲ್ಲಿ ಸೈಡ್ ಏರ್‌ಬ್ಯಾಗಿನ ಒತ್ತಡದ ಸೆನ್ಸರ್ ಬಾಗಿಲೊಳಗೇ ಇರುತ್ತದೆ, ಅಂಥ ಕಡೆ ಕಂಪನಿ ಬಿಟ್ಟ ತೂತು ಮುಚ್ಚುವುದು, ಹೊಸ ತೂತು ಕೊರೆಯುವುದು ಎರಡೂ ಬೇಡ.

ಕಪ್ಲರ್ ಹೊಸದು, ಪಿನ್ನುಗಳನ್ನು ವೈರಿಗೆ ಒತ್ತಿ ಕ್ರಿಂಪ್ ಮಾಡಿ, ಬಿಸಿಗೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿದ್ದಾಯಿತು. ಮತ್ತೆ ಸೆಲ್ ಹಚ್ಚಿ ನೋಡಿದೆ, ಎರಡೂ ಕೋನ್ ಮುಂದೆ ಬಂದವು. ಅಜ್ಜ ತಮ್ಮ ಫೋನಿನಿಂದಲೇ ಒಂದು ಭಜನೆ ಹಾಕಿದರು, ಬ್ಯಾಲೆನ್ಸ್ ತಾವೇ ಎಡಕ್ಕೆ ಬಲಕ್ಕೆ ತಿರುಗಿಸಿದರು, ನಡುವೆ ತಂದು ಕಣ್ಣು ಮುಚ್ಚಿ ಕೂತರು. “ಬಾಯಾ ಬಂತು ನೋಡು” ಅಂದರು. ಸ್ಪೀಕರ್ ಬದಲಿಸಿ ಅಂದವರಿಗೆ ಅವರು ಮೊದಲೇ ಕೇಳಿದ್ದರಂತೆ, “ಒಬ್ನೇ ಇದ್ದಾಗ ಚೊಲೋ ಹಾಡ್ತಾನಲ್ಲ, ಅವನ್ನ್ಯಾಕ ಬದಲಿಸಬೇಕು?” ಅಂತ. ಅದಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಎಡ ಸ್ಪೀಕರ್ ಸದ್ಯಕ್ಕೆ ಇರಲಿ ಅಂತ ಬಿಟ್ಟಿದ್ದೇನೆ. ಬಿಸಿಲು ಬಿದ್ದ ದಿನ ಕಾರ್ಪೆಟ್ ಎತ್ತಿ ಅಡಿಯ ಫೋಮ್ ಪೂರ್ತಿ ಒಣಗಿಸಿ, ಇಲ್ಲದಿದ್ದರೆ ತಗಡಿಗೆ ತುಕ್ಕು ಹಿಡಿಯುತ್ತದೆ ಅಂತ ಹೇಳಿ ಕಳಿಸಿದೆ. ಇನ್ನೊಂದು ಜೋರು ಮಳೆ ಆದಮೇಲೆ ಬರುತ್ತಾರೆ, ಆಗ ಎಡ ಬಾಗಿಲು ಬಿಚ್ಚಿ ಹಾಳೆಯ ಕೆಳ ಅಂಚು ಮುಟ್ಟಿ ನೋಡಬೇಕು.