ಡ್ರೋನ್ ಮೋಟರಿನ ಬೇರಿಂಗ್, ಮತ್ತೆ ಆ ತೆಳು ವಾಷರ್

ಬಳ್ಳಾರಿಯ ಕೆಂಪು ಧೂಳು ಬೇರಿಂಗ್ ಹೊಕ್ಕರೆ, ಮೋಟರಿನ ಬೆಲ್ (ಒಳಗೆ ಆಯಸ್ಕಾಂತ ಅಂಟಿಸಿದ, ತಿರುಗುವ ಹೊರಚಿಪ್ಪು) ಬೆರಳಲ್ಲಿ ತಿರುಗಿಸಿದಾಗಲೇ ಕರಕರ ಅನ್ನುತ್ತದೆ. ಸ್ಪಾಂಜ್ ಐರನ್ ಕಾರ್ಖಾನೆಗಳ ಕರಿ ಪುಡಿಯದು ಇನ್ನೂ ಕಾಟ: ಅದು ಕಬ್ಬಿಣವೇ ಆದ್ದರಿಂದ ಆಯಸ್ಕಾಂತಕ್ಕೆ ಅಂಟಿ ಕೂರುತ್ತದೆ. ಊದಿದರೆ ಹೋಗಲ್ಲ, ಟೇಪ್ ಒತ್ತಿ ಕೀಳಬೇಕು.

2207 ಮೋಟರಿನಲ್ಲಿ (ತಂತಿ ಸುತ್ತಿದ ಒಳಭಾಗವಾದ ಸ್ಟೇಟರಿನ ವ್ಯಾಸ 22, ಎತ್ತರ 7 ಮಿ.ಮೀ.) ಸಾಮಾನ್ಯವಾಗಿ 684 ಝಡ್‌ಝಡ್ (ಎರಡೂ ಬದಿ ಲೋಹದ ಮುಚ್ಚಳವಿರುವ) ಬೇರಿಂಗ್ ಎರಡು: ಒಳವ್ಯಾಸ 4, ಹೊರವ್ಯಾಸ 9, ದಪ್ಪ 4 ಮಿ.ಮೀ. ಆದರೂ ಅಳೆದೇ ತರಿಸಿ.

ತಳದ ಸ್ಕ್ರೂ ಬಿಚ್ಚಿ (ಕೆಲವಕ್ಕೆ ಸಿ-ಕ್ಲಿಪ್, ಚಿಮ್ಮುತ್ತದೆ, ಬಟ್ಟೆ ಹಿಡಿಯಿರಿ) ಬೆಲ್ ಎಳೆಯಿರಿ. ಶಾಫ್ಟಿನ ತೆಳು ವಾಷರ್ ಎಲ್ಲಿತ್ತು ಅಂತ ಫೋಟೊ ತೆಗೆದಿಡಿ. ಜನ ಕೆಡಿಸಿಕೊಳ್ಳುವುದು ಇಲ್ಲೇ. ಅದು ಬೇರಿಂಗಿನ ಒಳ ಉಂಗುರವನ್ನಷ್ಟೇ ಮುಟ್ಟಬೇಕು. ಅಗಲ ಹೆಚ್ಚಾಗಿ ಹೊರ ಉಂಗುರಕ್ಕೋ ಮುಚ್ಚಳಕ್ಕೋ ತಾಗಿದರೆ ಉಜ್ಜಿ ಬಿಸಿಯೇರುತ್ತದೆ. ಹಾಕುವುದನ್ನೇ ಮರೆತರೆ ಬೆಲ್ ಕೆಳಗೆ ಕೂತು ಸ್ಟೇಟರಿನ ತಂತಿ ಕೆರೆಯಬಹುದು.

ಹಳೆ ಬೇರಿಂಗ್ ತೆಗೆದ ಮೇಲೆ ಹೊಸ ಬೇರಿಂಗನ್ನು ಹೊರ ಉಂಗುರದ ಮೇಲೆ ಒತ್ತಿ, ವೈಸ್‌ನಲ್ಲಿ ನಿಧಾನಕ್ಕೆ ಕೂರಿಸಿ. ಸುತ್ತಿಗೆ ಬೇಡವೇ ಬೇಡ: ಒಳ ಉಂಗುರಕ್ಕೆ ಪೆಟ್ಟು ಬಿದ್ದರೆ ಗುಂಡುಗಳ ದಾರಿಯಲ್ಲಿ ಗುಳಿಯಾಗಿ ಹೊಸ ಬೇರಿಂಗೂ ಕರಕರ. ಸ್ಕ್ರೂಗೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಚುಕ್ಕೆ ಸಾಕು. ಬೇರಿಂಗಿಗೆ ಇಳಿದರೆ ಕಚ್ಚಿಕೊಳ್ಳುತ್ತದೆ. ಬೆಲ್ಲಿಗೆ ಮೇಲೆ-ಕೆಳಗೆ ಕೂದಲೆಳೆಯಷ್ಟು ಆಟ ಇರಲಿ. ಬಿಗಿಯಾಗಿ ತಿರುಗಿದರೆ ಈಗಿರುವುದಕ್ಕಿಂತ 0.1 ಮಿ.ಮೀ. ತೆಳುವಾದ ವಾಷರ್ ಹಾಕಿ ನೋಡಿ.