ದಿವಾಳಿ ಎಂಬ ಮಾತಿಗೆ ಹೆದರಿ ನಾನು ಕೊಟ್ಟ ತಪ್ಪು ಸಲಹೆ

ಅಮೆರಿಕದ ವರ್ಜೀನಿಯಾದಲ್ಲಿ, ರಕ್ಷಣಾ ಇಲಾಖೆಯ ಗುತ್ತಿಗೆ ಕೆಲಸ ಮಾಡುವ ಸಣ್ಣ ಕಂಪನಿಯೊಂದರಲ್ಲಿ ನಾನು ಭದ್ರತಾ ಅಧಿಕಾರಿ. ನೌಕರರ ಸೆಕ್ಯುರಿಟಿ ಕ್ಲಿಯರೆನ್ಸ್ (ಸರ್ಕಾರದ ರಹಸ್ಯ ಮಾಹಿತಿ ನೋಡಲು ಬೇಕಾದ ಅನುಮತಿ) ಅರ್ಜಿಗಳನ್ನು ಪರಿಶೀಲಿಸಿ ಕಳುಹಿಸುವುದು, ಅವರು ತಿಳಿಸಬೇಕಾದ ಸಂಗತಿಗಳನ್ನು ಸರ್ಕಾರಕ್ಕೆ ಮುಟ್ಟಿಸುವುದು ನನ್ನ ಹೊಣೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ತಂತ್ರಜ್ಞರೊಬ್ಬರು ಬಂದು, ಹೆಂಡತಿಯ ಕೆಲಸ ಹೋದ ಮೇಲೆ ಕ್ರೆಡಿಟ್ ಕಾರ್ಡ್ ಸಾಲವೂ ಆಸ್ಪತ್ರೆಯ ಬಿಲ್ಲುಗಳೂ ಕೈಮೀರಿವೆ, ದಿವಾಳಿ ಅರ್ಜಿ ಹಾಕಿದರೆ ಕ್ಲಿಯರೆನ್ಸ್‌ಗೆ ಏನಾಗುತ್ತದೆ ಎಂದು ಕೇಳಿದರು. ನಾನು ದಾವಣಗೆರೆಯ ಜವಳಿ ಅಂಗಡಿಗಳ ನಡುವೆ, ‘ದಿವಾಳಿ ಎದ್ದವನು’ ಎಂಬುದು ಬೈಗುಳವೇ ಆಗಿದ್ದ ಓಣಿಯಲ್ಲಿ ಬೆಳೆದವನು. ನಿಯಮವನ್ನು ತೆಗೆದು ನೋಡದೆ, ‘ಅದೊಂದು ಬೇಡ’ ಎಂದುಬಿಟ್ಟೆ.

ಅವರು ಅರ್ಜಿ ಹಾಕಲಿಲ್ಲ. ಎರಡು ಕಾರ್ಡುಗಳಿಗೆ ಹಣ ಕಟ್ಟುವುದನ್ನೂ ನಿಲ್ಲಿಸಿದರು. ಕ್ಲಿಯರೆನ್ಸ್ ಇರುವವರು ಯಾವುದೇ ಸಾಲದ ಬಾಕಿ 120 ದಿನ ಮೀರಿದರೆ ತಾವಾಗಿಯೇ ತಿಳಿಸಬೇಕು, ದಿವಾಳಿಯನ್ನೂ ತಿಳಿಸಬೇಕು. ನನ್ನ ಮಾತಿನಿಂದ ಹೆದರಿದ್ದ ಅವರು ಬಾಯಿಬಿಡಲಿಲ್ಲ. ಈಗ ಕ್ರೆಡಿಟ್ ದಾಖಲೆಗಳ ಮೇಲೆ ಸರ್ಕಾರದ ಕಣ್ಣು ನಿರಂತರವಾಗಿ ಇರುವುದರಿಂದ ಸಂಗತಿ ತಾನಾಗಿಯೇ ಹೊರಬಂತು, ಕ್ಲಿಯರೆನ್ಸನ್ನು ಏಕೆ ಮುಂದುವರಿಸಬಾರದು ಎಂಬುದಕ್ಕೆ ಕಾರಣಗಳನ್ನು ಪಟ್ಟಿಮಾಡಿದ ಪತ್ರವೂ ಬಂತು. ಉತ್ತರಕ್ಕೆ 20 ದಿನಗಳ ಗಡುವು.

ಆಗಷ್ಟೇ ನಾನು 2017ರ ಜೂನ್ 8ರಿಂದ ಜಾರಿಯಲ್ಲಿರುವ, ಕ್ಲಿಯರೆನ್ಸ್ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವ 13 ಮಾರ್ಗಸೂಚಿಗಳ ಪೈಕಿ ಹಣಕಾಸಿಗೆ ಸಂಬಂಧಿಸಿದ ‘ಎಫ್’ ಅನ್ನು ಸಾವಧಾನವಾಗಿ ಓದಿದೆ. ಅದರ ಆತಂಕ ಅರ್ಥವಾಗುವಂಥದ್ದೇ: ಸಿಐಎಯ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸೋವಿಯತ್ ಒಕ್ಕೂಟಕ್ಕೆ ರಹಸ್ಯ ಮಾರಲು ತೊಡಗಿದ್ದರ ಹಿಂದೆ ಸಾಲದ ಒತ್ತಡವಿತ್ತು, ಸಿಕ್ಕಿಬಿದ್ದದ್ದು 1994ರಲ್ಲಿ. ಆದರೆ ದಿವಾಳಿಯಾದವರಿಗೆ ಕ್ಲಿಯರೆನ್ಸ್ ಇಲ್ಲ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಕೆಲಸ ಹೋಗುವುದು, ಕಾಯಿಲೆ, ವಿಚ್ಛೇದನದಂತಹ ಕೈಮೀರಿದ ಕಾರಣಗಳಿಂದ ಸಾಲ ಬೆಳೆಯಿತೇ, ಆಗ ಆ ವ್ಯಕ್ತಿ ಹೊಣೆಯರಿತು ನಡೆದರೇ ಎಂದು ಅದು ವಿಚಾರಿಸುತ್ತದೆ. ಆ ಎರಡನೆಯ ಪ್ರಶ್ನೆಯಲ್ಲಿಯೇ ಹೆಚ್ಚಿನವರು ಎಡವುವುದು. ಅಮೆರಿಕದ ದಿವಾಳಿ ಕಾನೂನಿನ ಅಧ್ಯಾಯ 7ರ ಅಡಿಯಲ್ಲಿ ಸಾಲ ಮನ್ನಾ ಆದರೆ ಸಾಲ ಕೊಟ್ಟವರ ಕಾಟ ತಪ್ಪುತ್ತದೆ, ಆದರೆ ಕಾನೂನು ಕೊಟ್ಟ ದಾರಿ ಹಿಡಿದದ್ದನ್ನಷ್ಟೇ ಪ್ರಾಮಾಣಿಕ ಪ್ರಯತ್ನವೆಂದು ಕ್ಲಿಯರೆನ್ಸ್ ಪ್ರಕರಣಗಳ ಮೇಲ್ಮನವಿ ಮಂಡಳಿ ಒಪ್ಪುವುದಿಲ್ಲ. ಅಧ್ಯಾಯ 13ರಲ್ಲಿ ನ್ಯಾಯಾಲಯ ಒಪ್ಪಿದ ಯೋಜನೆಯಂತೆ ಮೂರರಿಂದ ಐದು ವರ್ಷ ಕಂತು ಕಟ್ಟಬೇಕಾಗುವುದರಿಂದ ತೋರಿಸಲು ರಸೀದಿಗಳಿರುತ್ತವೆ.

ಅವರು ವಕೀಲರನ್ನು ಕಂಡು ಅಧ್ಯಾಯ 13ಕ್ಕೇ ಅರ್ಜಿ ಹಾಕಿದರು. ವಿಚಾರಣೆಯಲ್ಲಿ ಹೆಂಡತಿಯನ್ನು ಕೆಲಸದಿಂದ ತೆಗೆದ ಪತ್ರ, ಆಸ್ಪತ್ರೆಯ ಬಿಲ್ಲು, ಕಟ್ಟಿದ ಕಂತುಗಳ ಲೆಕ್ಕ ಎಲ್ಲವನ್ನೂ ಮುಂದಿಟ್ಟರು. ಸಾಲಕ್ಕಿಂತ ಮೌನದ ಬಗ್ಗೆಯೇ ಹೆಚ್ಚು ಪ್ರಶ್ನೆಗಳು ಬಂದವು. ಕ್ಲಿಯರೆನ್ಸ್ ಉಳಿಯಿತು, ಆದರೆ ತೀರ್ಪು ಬರುವತನಕ ಅವರು ತಮ್ಮ ತಂಡದಿಂದ ಹೊರಗಿದ್ದರು, ಅದಕ್ಕೆ ನಾನೂ ಕಾರಣ.

ದಿವಾಳಿ ಅರ್ಜಿ ಹಾಕಿ ಅಥವಾ ಬೇಡ ಎಂದು ನಾನೀಗ ಯಾರಿಗೂ ಹೇಳುವುದಿಲ್ಲ, ಅದು ವಕೀಲರ ಕೆಲಸ. ಬಾಕಿ ಯಾವ ದಿನಾಂಕದಿಂದ ನಿಂತಿದೆ ಎಂದು ಕೇಳುತ್ತೇನೆ, ವರದಿಯನ್ನು ಅಂದೇ ಬರೆಸುತ್ತೇನೆ. ನಮ್ಮ ಕಡೆಯಿಂದ ಬಂದು ಇಲ್ಲಿನ ಪೌರರಾದವರಿಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ: ಊರಿನ ಸಹಕಾರಿ ಬ್ಯಾಂಕಿನಲ್ಲಿ ತಮ್ಮನ ಸಾಲಕ್ಕೋ ಭಾವನ ಸಾಲಕ್ಕೋ ಜಾಮೀನು ಸಹಿ ಹಾಕಿದ್ದೀರಾ? ಕ್ಲಿಯರೆನ್ಸ್‌ಗಾಗಿ ತುಂಬುವ ಎಸ್‌ಎಫ್-86 ಅರ್ಜಿಯ 26ನೆಯ ವಿಭಾಗ ಜಾಮೀನುದಾರರಾಗಿ ಉಳಿಸಿಕೊಂಡ ಬಾಕಿಯನ್ನೂ ಕೇಳುತ್ತದೆ, ಮತ್ತು ಬಹಳ ಮಂದಿಗೆ ಆ ಸಹಿಯ ನೆನಪೇ ಇರುವುದಿಲ್ಲ.